ನಾಲ್ಕನೆಯ ಸುತ್ತಿನ ಸ್ವರ

ಆರಿಸಿದ ಮೇಣದಬತ್ತಿಯ ಹೊಗೆಗೆ ಒಂದು ವಾಸನೆ ಇದೆ. ಕಲ್ಯಾಣಪುರದ ನಮ್ಮ ತಂದೆಯ ಮನೆಯಲ್ಲಿ ಸಂಜೆ ಆ ವಾಸನೆ ಬಂತೆಂದರೆ ತೇರ್ಸ್ ಮುಗಿಯಿತು, ಇನ್ನು ಗಂಜಿ ಬಡಿಸುತ್ತಾರೆ ಎಂದು ಮಕ್ಕಳಾದ ನಮಗೆ ಗೊತ್ತಾಗುತ್ತಿತ್ತು. ತೇರ್ಸ್ ಎಂದರೆ ನಮ್ಮ ಕ್ರಿಸ್ತುವರ ಮನೆಗಳಲ್ಲಿ ಎಲ್ಲರೂ ಒಟ್ಟಿಗೆ ಕುಳಿತು ಜಪಸರ ಹಿಡಿದು ಹೇಳುವ ಸಂಜೆಯ ಪ್ರಾರ್ಥನೆ. ಅಮ್ಮ ಬತ್ತಿಯನ್ನು ಊದುತ್ತಿರಲಿಲ್ಲ. ಬೆರಳು ಒದ್ದೆ ಮಾಡಿಕೊಂಡು ಚಿವುಟುತ್ತಿದ್ದಳು. ಆಮೇಲೂ ಬತ್ತಿಯ ತುದಿಯಲ್ಲಿ ಒಂದು ಕೆಂಪು ಚುಕ್ಕೆ ಸ್ವಲ್ಪ ಹೊತ್ತು ಉಳಿಯುತ್ತಿತ್ತು. ಅದು ಪೂರ್ತಿ ಹೋಗುವ ತನಕ ಆ ಕೋಣೆಯಲ್ಲಿ ಒಬ್ಬಳೇ ಇರಲು ನನಗೆ ಹೆದರಿಕೆಯಾಗುತ್ತಿತ್ತು.

ಮಸ್ಕತ್ತಿನ ದಾರ್ಸೈಟ್‌ನಲ್ಲಿರುವ ನನ್ನ ಮಗ ಸ್ಟ್ಯಾನಿಯ ಫ್ಲಾಟಿನಲ್ಲಿ ಮೇಣದಬತ್ತಿ ಹಚ್ಚುವುದಿಲ್ಲ. ಹೊಗೆ ಎದ್ದರೆ ಅಲಾರಂ ಬಡಿದುಕೊಳ್ಳುತ್ತದೆ. ಮಾತೆಯ ಪ್ರತಿಮೆಯ ಮುಂದೆ ಸ್ವಿಚ್ಚಿನ ದೀಪ. ಆದರೆ ತೇರ್ಸ್ ಮಾತ್ರ ಒಂದು ದಿನವೂ ತಪ್ಪಿಲ್ಲ. ಹತ್ತು ಹತ್ತು ಮಣಿಗಳ ಐದು ಸುತ್ತು. ಮೊದಲನೆಯದನ್ನು ಸ್ಟ್ಯಾನಿ ಹೇಳಿಸುತ್ತಾನೆ, ಎರಡನೆಯದನ್ನು ಸೊಸೆ ಆಲ್ಬಿನಾ, ಮೂರನೆಯದು ನನ್ನದು. ನಾಲ್ಕನೆಯದು ಮೊಮ್ಮಗ ಜೋಸ್ಟನ್‌ನದು, ಐದನೆಯದು ಅವನ ತಂಗಿ ಪ್ರಿನ್ಸಿಯದು. ಮಣಿಗೊಂದರಂತೆ ಬರುವ "ನಮಾನ್ ಮರಿಯೆ" ಎಂಬ ಮಾತೆಯ ಪ್ರಾರ್ಥನೆಯನ್ನು ಒಬ್ಬರು ಅರ್ಧ ಹೇಳಿದರೆ ಉಳಿದವರು ಇನ್ನರ್ಧ ಹೇಳಿ ಮುಗಿಸಬೇಕು.

ಸೆಪ್ಟೆಂಬರಿನಲ್ಲಿ ಜೋಸ್ಟನ್ ಒಂದು ವರ್ಷದ ಓದಿಗೆಂದು ಇಂಗ್ಲೆಂಡಿನ ಲೀಡ್ಸಿಗೆ ಹೊರಟಾಗ ಸ್ಟ್ಯಾನಿ ವಿಮಾನ ನಿಲ್ದಾಣದಲ್ಲೇ ಮಾತು ತೆಗೆದುಕೊಂಡ.

"ಎಲ್ಲಿದ್ದರೂ ನಾಲ್ಕನೆಯ ಸುತ್ತು ನಿನ್ನದೇ. ಒಂದು ದಿನ ತಪ್ಪಿದರೆ ಪೆಟ್ಟಿಗೆ ಕಟ್ಟಿಕೊಂಡು ವಾಪಸ್ ಬಾ."

"ಆಯ್ತು ಡ್ಯಾಡಿ. ಅಲ್ಲಿ ಸಹ ಮಣಿ ಹತ್ತೇ ಅಲ್ವಾ?" ಎಂದು ಹುಡುಗ ನಕ್ಕ. ನಾನೂ ನಕ್ಕೆ. ಸ್ಟ್ಯಾನಿ ನಗಲಿಲ್ಲ.

ಒಮಾನಿನಲ್ಲಿ ವಾಟ್ಸಪ್ಪಿನಲ್ಲಿ ಮೆಸೇಜು ಹೋಗುತ್ತದೆ, ಕರೆ ಹೋಗುವುದಿಲ್ಲ. ಹಾಗಾಗಿ ಪ್ರಿನ್ಸಿ ಝೂಮ್ ಹಾಕಿಕೊಡುತ್ತಿದ್ದಳು. ಅವಳು ಹನ್ನೊಂದನೆಯ ತರಗತಿ, ಮನೆಯಲ್ಲಿ ಯಂತ್ರಗಳ ಮೇಲ್ವಿಚಾರಣೆ ಅವಳದೇ. ರಾತ್ರಿ ಎಂಟಕ್ಕೆ ಟ್ಯಾಬನ್ನು ಮಾತೆಯ ಕಾಲ ಬಳಿ ಒರಗಿಸಿ ಇಡುತ್ತಿದ್ದಳು. ಆಗ ಅಲ್ಲಿ ಇನ್ನೂ ಸಂಜೆ ಐದು. ಒಂದು ಚೌಕದಲ್ಲಿ ಜೋಸ್ಟನ್ ಕಾಣಿಸುತ್ತಿದ್ದ. ಹಿಂದೆ ಯಾರದೋ ಒದ್ದೆ ಟವೆಲು, ಕಿಟಕಿ, ಹೆಂಚಿನ ಮಾಡು. ಕೊನೆಯಲ್ಲಿ ನಮ್ಮ ಪದ್ಧತಿಯಂತೆ ಕಿರಿಯರು ಹಿರಿಯರ ಆಶೀರ್ವಾದ ಕೇಳಬೇಕು. ಅವನು ತಲೆಯನ್ನು ಕ್ಯಾಮೆರಾಕ್ಕೆ ತಾಗುವಷ್ಟು ಬಗ್ಗಿಸಿ "ಬೆಸಾಂವ್ ದೀ, ಮಾಯ್" ಎನ್ನುತ್ತಿದ್ದ. ಮನೆಯಲ್ಲಿ ಎಲ್ಲರಿಗೂ ನಾನು ಮಾಯ್. ನಾನು ಟ್ಯಾಬಿನ ಗಾಜಿನ ಮೇಲೆ ಕೈಯಿಟ್ಟು ಹರಸುತ್ತಿದ್ದೆ. ಗಾಜು ಬೆಚ್ಚಗಿರುತ್ತಿತ್ತು.

ಸೆಪ್ಟೆಂಬರಿನ ಕೊನೆಯ ಶನಿವಾರ ಮೊದಲ ಫೋಟೋಗಳು ಬಂದವು. ಊಟಕ್ಕೆ ಅಂಜಲ್ ಮೀನು ಹುರಿದಿತ್ತು. ಪ್ರಿನ್ಸಿ ಫೋಟೋಗಳನ್ನು ಟಿವಿಯಲ್ಲಿ ಹಾಕಿದಳು. ಜೋಸ್ಟನ್ ಅಲ್ಲಿಂದ ಒಂದೊಂದಕ್ಕೂ ವಿವರ ಕೊಟ್ಟ.

"ಇದು ಯಾರ್ಕ್. ಊರಿನ ಸುತ್ತ ಕೋಟೆ ಗೋಡೆ ಉಂಟು ಮಾಯ್, ಅದರ ಮೇಲೆ ನಡೀಲಿಕ್ಕೆ ಆಗ್ತದೆ. ಇದು ಒಂದು ಗಲ್ಲಿ. ನೋಡಿ, ಎರಡೂ ಬದಿಯ ಮನೆಗಳು ಮೇಲೆ ಮೇಲೆ ಬಾಗಿ ತಲೆಗೆ ತಲೆ ತಾಗಿಸಿ ನಿಂತಿವೆ, ಗುಟ್ಟು ಮಾತಾಡುವವರ ಹಾಗೆ."

ಗೋಡೆಯ ಮೇಲೆ ನಾಲ್ವರು ಹೆಗಲಿಗೆ ಕೈ ಹಾಕಿ ನಿಂತಿದ್ದರು. ಜೋಸ್ಟನ್, ಅವನ ತರಗತಿಯವರೇ ಆದ ಪುತ್ತೂರಿನ ಶ್ಯಾಮಸುಂದರ, ಹಾಸನದ ಆಶಿತಾ, ಇನ್ನೊಬ್ಬ ಗುಜರಾತಿ ಹುಡುಗ. ಹಿಂದೆ ಹಳದಿ ಎಲೆಗಳ ದೊಡ್ಡ ಮರ. ಆಶಿತಾ ತನ್ನ ಒಂದು ಕೈಗವಸನ್ನು ಜೋಸ್ಟನ್‌ಗೆ ಕೊಟ್ಟಿದ್ದಳು. ಇಬ್ಬರ ಕೈಯಲ್ಲೂ ಒಂದೊಂದು ಕೆಂಪು ಗವಸು. ನನಗೆ ಅದು ಹಿಡಿಸಿತು.

"ಓದ್ಲಿಕ್ಕೆ ಕಳಿಸಿದ್ದಾ, ಟೂರಿಗೆ ಕಳಿಸಿದ್ದಾ?" ಎಂದ ಸ್ಟ್ಯಾನಿ.

"ನೋಡ್ಲಿ ಬಿಡು ಸ್ಟ್ಯಾನಿ. ಇಪ್ಪತ್ತು ವರ್ಷದಲ್ಲಿ ನಾವು ಇಲ್ಲಿಯ ನಿಝ್ವಾ ಕೋಟೆ ನೋಡಿದ್ದು ಎರಡು ಸಲ. ಅದೂ ನೆಂಟರು ಬಂದಾಗ" ಎಂದಳು ಆಲ್ಬಿನಾ.

"ಆ ನೆಂಟರು ನಿನ್ನ ಕಡೆಯವರು."

"ಹೌದು, ನಿನ್ನ ಕಡೆಯವರು ಮಾಲ್ ಬಿಟ್ಟು ಹೊರಗೆ ಬರ್ಲಿಲ್ಲ."

ಜೋಸ್ಟನ್ ಅಲ್ಲಿ ಬಿದ್ದು ಬಿದ್ದು ನಗುತ್ತಿದ್ದ. ಮರುದಿನ ಆಫೀಸಿನಲ್ಲಿ ಸ್ಟ್ಯಾನಿ ಆ ಫೋಟೋಗಳನ್ನು ಎಲ್ಲರಿಗೂ ತೋರಿಸಿದನೆಂದು ಆಮೇಲೆ ಗೊತ್ತಾಯಿತು.

ಎರಡು ವಾರ ಬಿಟ್ಟು ಲಿಂಕನ್ ಎಂಬ ಊರಿನ ಫೋಟೋಗಳು. ಕಡಿದಾದ ಒಂದು ಬೀದಿ, ಮೇಲೆ ದೊಡ್ಡ ಚರ್ಚು, ನಮ್ಮ ಮಾತಿನಲ್ಲಿ ಇಗರ್ಜಿ. ಈ ಸಲ ಫೋಟೋದಲ್ಲಿ ಶ್ಯಾಮಸುಂದರ ಒಬ್ಬನೇ ಇದ್ದ, ಅದೂ ಒಂದರಲ್ಲಿ, ಬೆನ್ನು ತಿರುಗಿಸಿ ಮುಂದೆ ಹೋಗುತ್ತಿದ್ದ.

"ಉಳಿದವರು ಎಲ್ಲಿ ಮಗಾ?"

"ಅವರಿಗೆ ಬೇರೆ ಕೆಲಸ ಇತ್ತು ಮಾಯ್."

"ಪ್ರೆಸೆಂಟೇಶನ್ ಎಂತಾಯ್ತು?" ಎಂದು ಸ್ಟ್ಯಾನಿ ಕೇಳಿದ. ತರಗತಿಯಲ್ಲಿ ನಾಲ್ವರೂ ಸೇರಿ ಏನೋ ಒಪ್ಪಿಸುವುದಿತ್ತು.

"ಆಯ್ತು ಡ್ಯಾಡಿ."

"ಆಯ್ತು ಅಂದ್ರೆ? ಒಳ್ಳೇದಾಯ್ತಾ?"

"ಆಯ್ತು ಅಂದೆನಲ್ಲ."

ಅದರ ಮುಂದಿನ ವಾರದಿಂದ ಅವನ ಚೌಕ ಕಪ್ಪಾಯಿತು. ಕಪ್ಪಿನ ನಡುವೆ ಬಿಳಿ ಅಕ್ಷರದಲ್ಲಿ ಅವನ ಹೆಸರು ಮಾತ್ರ. ಹೊಸ ರೂಮಿನಲ್ಲಿ ನೆಟ್ ಸರಿಯಿಲ್ಲವಂತೆ, ಕ್ಯಾಮೆರಾ ಹಾಕಿದರೆ ಸ್ವರ ಕಡಿಯುತ್ತದಂತೆ. ಪ್ರಿನ್ಸಿ ಹಾಗೆಂದಳು. ಫೋಟೋಗಳನ್ನೂ ಅವನು ಅವಳಿಗೇ ಕಳುಹಿಸುತ್ತಿದ್ದ, ಅವಳು ನಮಗೆ ತೋರಿಸುತ್ತಿದ್ದಳು. ಮುಂದಿನ ಶನಿವಾರ ಡರ್ಹಮ್ ಬಂತು. ನದಿ, ಕಲ್ಲಿನ ಸೇತುವೆ, ಬಂಡೆಯ ಮೇಲೆ ಇಗರ್ಜಿ. ಒಂದರಲ್ಲಿಯೂ ಒಬ್ಬ ಮನುಷ್ಯನಿರಲಿಲ್ಲ. ಶನಿವಾರ ಮಧ್ಯಾಹ್ನ, ಅಷ್ಟು ದೊಡ್ಡ ಊರು, ಸೇತುವೆಯ ಮೇಲೆ ಒಂದು ನಾಯಿಯೂ ಇಲ್ಲ. ಕೊನೆಯ ಫೋಟೋದಲ್ಲಿ ಇಗರ್ಜಿಯ ಬಾಗಿಲು. ಬಾಗಿಲು ಬಡಿಯುವ ಕಂಚಿನ ಬಳೆಯನ್ನು ಒಂದು ಮೃಗದ ಮುಖ ಬಾಯಲ್ಲಿ ಕಚ್ಚಿಕೊಂಡಿತ್ತು. ಕಣ್ಣಿನ ಜಾಗದಲ್ಲಿ ಎರಡು ತೂತು.

"ಅಬ್ಬಾ! ತೆಗಿ ಅದನ್ನು, ಊಟದ ಹೊತ್ತಿಗೆ" ಎಂದಳು ಆಲ್ಬಿನಾ.

"ಯಾರೂ ಇಲ್ಲದ ಹೊತ್ತಲ್ಲಿ ತೆಗೆದಿದ್ದಾನೆ, ಪ್ರೊಫೆಶನಲ್ ಹಾಗೆ" ಎಂದ ಸ್ಟ್ಯಾನಿ ಮೆಚ್ಚಿಕೊಂಡು.

ಯಾರೂ ಇಲ್ಲದ ಹೊತ್ತಿಗೆ ಕಾಯುತ್ತ ಹುಡುಗ ಎಷ್ಟು ಹೊತ್ತು ನಿಂತಿದ್ದನೋ ಎಂದು ನನಗನಿಸಿತು.

ನಾನು ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದವಳು. ಬೋರ್ಡಿಗೆ ಮುಖ ಮಾಡಿ ಬರೆಯುತ್ತಿದ್ದರೂ ಹಿಂದೆ ಕೆಮ್ಮಿದ ಮಗು ಯಾವುದು ಎಂದು ಹೇಳಬಲ್ಲೆ. ಅಕ್ಟೋಬರಿನ ಕೊನೆಯ ಒಂದು ಸೋಮವಾರ ಜೋಸ್ಟನ್ ನಾಲ್ಕನೆಯ ಸುತ್ತು ಹೇಳಿಸುವಾಗ ಏಳನೆಯ ಮಣಿಯಲ್ಲಿ ಸಣ್ಣಗೆ ಕೆಮ್ಮಿದ. ಎಂಟನೆಯ ಮಣಿಯಲ್ಲಿ ಅವನ ಹಿಂದೆ ಎಲ್ಲೋ ಒಂದು ಬಾಗಿಲು ಹಾಕಿಕೊಂಡಿತು. ಮಂಗಳವಾರ ಏಳನೆಯ ಮಣಿಯಲ್ಲಿ ಕೆಮ್ಮಿದ. ಎಂಟನೆಯದರಲ್ಲಿ ಬಾಗಿಲು ಹಾಕಿಕೊಂಡಿತು. ಬುಧವಾರ ನಾನು ಮಣಿಗಳ ಮೇಲೆ ಬೆರಳಿಟ್ಟು ಕಾದೆ. ಏಳು: ಕೆಮ್ಮು. ಎಂಟು: ಬಾಗಿಲು.

ಒಂಬತ್ತನೆಯ ಮಣಿಗೆ ಉತ್ತರ ಹೇಳಲು ನನಗೆ ಮರೆತುಹೋಯಿತು.

ಇನ್ನೊಂದನ್ನೂ ಗಮನಿಸಿದೆ. ಅವನೀಗ ಬೆಸಾಂವ್ ಕೇಳುತ್ತಿರಲಿಲ್ಲ. ಸುತ್ತು ಮುಗಿದ ಕೂಡಲೇ ಚೌಕ ಮಾಯವಾಗುತ್ತಿತ್ತು. "ನೆಟ್ ಹೋಯ್ತು" ಎನ್ನುತ್ತಿದ್ದಳು ಪ್ರಿನ್ಸಿ. ನಾನು ಕೈ ಚಾಚಿದರೆ ಟ್ಯಾಬಿನಲ್ಲಿ ನಮ್ಮದೇ ಮುಖಗಳು.

"ಹುಡುಗನಿಗೆ ಕೆಮ್ಮು ಉಂಟು ಆಲ್ಬಿನಾ, ಕಾಳುಮೆಣಸಿನ ಕಷಾಯ ಮಾಡಿ ಕುಡೀಲಿಕ್ಕೆ ಹೇಳು" ಎಂದೆ.

"ನಂಗೆ ಕೇಳಿಸ್ಲಿಲ್ಲ ಮಾಯ್. ಮೆಸೇಜ್ ಹಾಕ್ತೇನೆ" ಎಂದಳು ಅವಳು. ದಂತ ವೈದ್ಯರ ಕ್ಲಿನಿಕ್ಕಿನಲ್ಲಿ ಹಗಲಿಡೀ ಫೋನು ಎತ್ತಿ ಮನೆಗೆ ಬರುವ ಹೊತ್ತಿಗೆ ಅವಳ ಕಿವಿ ಅರ್ಧ ಮುಚ್ಚಿರುತ್ತದೆ. ಆದರೂ ನನ್ನ ಮೊಣಕಾಲಿಗೆ ಬಿಸಿ ನೀರಿನ ಚೀಲ ತಂದಿಡದೆ ಅವಳು ಮಲಗಿದ್ದಿಲ್ಲ.

ನವೆಂಬರ್ ಮೊದಲ ವಾರ ಒಂದು ಸಂಜೆ, ನಾಲ್ಕನೆಯ ಸುತ್ತಿನ ನಡುವೆ ಬಾಗಿಲ ಬೆಲ್ಲು ಬಡಿಯಿತು. ಕಟ್ಟಡದ ಕಾವಲುಗಾರ ಮುಸ್ತಫಾ.

"ಸಾಬ್, ಗಾಡಿ ಹಟಾವೋ. ಪಾನಿ ಕಾ ಟ್ಯಾಂಕರ್ ಆಯಾ ಹೈ."

"ಒಂದು ನಿಮಿಷ ನಿಲ್ಲಿಸು ಜೋ" ಎಂದು ಟ್ಯಾಬಿಗೆ ಹೇಳಿ ಸ್ಟ್ಯಾನಿ ಕಾರಿನ ಕೀಲಿಕೈ ಹುಡುಕತೊಡಗಿದ. ನಾವು ಮೂವರೂ ಸುಮ್ಮನಾದೆವು.

ಟ್ಯಾಬು ಸುಮ್ಮನಾಗಲಿಲ್ಲ. "ನಮಾನ್ ಮರಿಯೆ" ಎಂದು ಸ್ವರ ಮುಂದಿನ ಮಣಿ ಹಿಡಿಯಿತು. ಅರ್ಧ ಹೇಳಿ ನಿಂತಿತು, ನಾವು ಉಳಿದರ್ಧ ಹೇಳುವಷ್ಟು ಹೊತ್ತು. ಯಾರೂ ಏನೂ ಹೇಳಲಿಲ್ಲ. ಆಮೇಲೆ ಯಾರೋ ಉತ್ತರ ಕೊಟ್ಟರು ಎಂಬಂತೆ ಅದು ಮತ್ತೆ ಶುರುಮಾಡಿತು. ನಿಂತಿತು. ಶುರುಮಾಡಿತು.

"ಜೋ, ನಿಲ್ಲಿಸು ಅಂದೆ!"

ಸಣ್ಣ ಕೆಮ್ಮು. ಅರ್ಧ ಪ್ರಾರ್ಥನೆ. ಮೌನ. ಬಾಗಿಲು ಹಾಕಿಕೊಂಡ ಸದ್ದು.

ಹೊಸ್ತಿಲಲ್ಲಿ ನಿಂತಿದ್ದ ಮುಸ್ತಫಾ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ. ಪ್ರಾರ್ಥನೆಯೆಂದು ಗೌರವಕ್ಕೋ, ಬೇರೆ ಏನಾದರೂ ಅನಿಸಿಯೋ ತಿಳಿಯದು.

"ಲ್ಯಾಗ್ ಆಗ್ತಾ ಉಂಟು ಡ್ಯಾಡಿ. ಅವನಿಗೆ ನಮ್ಮದು ಕೇಳಿಸುದಿಲ್ಲ" ಎಂದು ಪ್ರಿನ್ಸಿ ಎದ್ದು ಟ್ಯಾಬು ಮುಚ್ಚಿದಳು. ಅವಳ ಕಿವಿಗಳು ಕೆಂಪಗಾಗಿದ್ದವು.

ಆ ರಾತ್ರಿ ಊಟಕ್ಕೆ ಕೂತಾಗ ಅವಳು ಕುಬ್ಬೂಸ್ ರೊಟ್ಟಿಯನ್ನು ಹರಿದು ಹರಿದು ಚೂರು ಮಾಡಿದಳೇ ಹೊರತು ತಿನ್ನಲಿಲ್ಲ. ನಾನು ಕೇಳಬೇಕಿತ್ತು. ಕೇಳಲಿಲ್ಲ. ಕೇಳಿದರೆ ನಾಳೆಯಿಂದ ಆ ಸ್ವರ ಬರುವುದು ನಿಂತುಬಿಟ್ಟರೆ ಎಂಬ ಭಯ. ಹೀಗೆ ಇನ್ನೊಂದು ವಾರ ನಾನು ಗೊತ್ತಿದ್ದೂ ಅದಕ್ಕೆ ಉತ್ತರ ಹೇಳಿದೆ.

ಎರಡನೆಯ ಶನಿವಾರ ಮಧ್ಯಾಹ್ನ ಮತ್ತೆ ಫೋಟೋ ಬಂದವು. ಪ್ರಿನ್ಸಿ ತಾನಾಗಿ ತೋರಿಸಲಿಲ್ಲ. ಸ್ಟ್ಯಾನಿಯೇ ಕೇಳಿ ಹಾಕಿಸಿದ.

"ಇದು ಹಳೇದು. ಯಾರ್ಕ್ ಅಲ್ವಾ ಇದು? ನೋಡಿ ಆಗಿದೆ."

ಯಾರ್ಕೇ ಹೌದು. ಅದೇ ಗೋಡೆ, ಅದೇ ತಿರುವು, ಅದೇ ಗಲ್ಲಿಯಲ್ಲಿ ತಲೆ ತಾಗಿಸಿ ನಿಂತ ಅದೇ ಮನೆಗಳು. ಅಂದು ನಿಂತ ಜಾಗದಲ್ಲೇ ನಿಂತು, ಅಷ್ಟೇ ಎತ್ತರದಲ್ಲಿ ಫೋನು ಹಿಡಿದು, ಒಂದಾದ ಮೇಲೆ ಒಂದು ತೆಗೆದದ್ದು. ಆದರೆ ಗೋಡೆಯ ಮೇಲೆ ನಾಲ್ವರು ಇರಲಿಲ್ಲ.

"ಹಳೇದಲ್ಲ" ಎಂದೆ. "ಆ ಮರ ನೋಡು. ಒಂದು ಎಲೆ ಇಲ್ಲ."

ಕೊನೆಯ ಫೋಟೋ ಆ ಗಲ್ಲಿಯ ಒಂದು ಅಂಗಡಿಯದು. ಕಿಟಕಿಯ ಗಾಜಿನಲ್ಲಿ ಫೋಟೋ ತೆಗೆಯುತ್ತಿದ್ದವನ ಪ್ರತಿಬಿಂಬ ಬಿದ್ದಿತ್ತು. ಫೋನು ಮುಖವನ್ನು ಮುಚ್ಚಿತ್ತು. ಅಂಗಿಯ ಕಾಲರಿನಲ್ಲಿ ಇನ್ನೊಂದು ಕುತ್ತಿಗೆ ಹಿಡಿಯುವಷ್ಟು ಜಾಗ. ಅಂಥ ಚಳಿಯ ಊರಿನಲ್ಲಿ ಕಾಲಿಗೆ ಸ್ನಾನದ ಮನೆಯ ಚಪ್ಪಲಿ.

"ತೆಳ್ಳಗಾಗಿದ್ದಾನೆ" ಎಂದಳು ಆಲ್ಬಿನಾ ಮೆಲ್ಲಗೆ.

"ಗಾಜಿನಲ್ಲಿ ಹಾಗೆ ಕಾಣುದು" ಎಂದ ಸ್ಟ್ಯಾನಿ. ಆದರೆ ಟಿವಿಯನ್ನು ಅವನೇ ಆರಿಸಿದ.

ಆ ಸಂಜೆ ನನ್ನ ಸುತ್ತು ಮುಗಿಯುವ ಹೊತ್ತಿಗೆ ಪ್ರಿನ್ಸಿ ನೀರು ಕುಡಿಯಲೆಂದು ಎದ್ದು ಹೋದಳು. ದಿನವೂ ಅದೇ ಹೊತ್ತಿಗೆ ಅವಳಿಗೆ ಬಾಯಾರುತ್ತಿತ್ತು. ಅವಳು ಬಂದು ಕುಳಿತಳು, ಕಪ್ಪು ಚೌಕದಿಂದ ಸ್ವರ ಶುರುವಾಯಿತು. ನಾನು ಕಾಲು ಹಿಡಿದಿದೆಯೆಂದು ಹೇಳಿ ಎದ್ದೆ.

ಕೋಣೆಗಳ ನಡುವಿನ ಓಣಿಯಲ್ಲಿ ನಾಲ್ಕು ಹೆಜ್ಜೆ ಹೋದಾಗ ಸ್ವರ ಎರಡಾಯಿತು. ಹಾಲಿನಲ್ಲಿ ಜೋಸ್ಟನ್ "ನಮಾನ್" ಎನ್ನುವ ಮೊದಲೇ ಮಕ್ಕಳ ಕೋಣೆಯ ಮುಚ್ಚಿದ ಬಾಗಿಲಿನ ಹಿಂದೆ ಜೋಸ್ಟನ್ "ನಮಾನ್" ಎನ್ನುತ್ತಿದ್ದ. ಒಳಗಿನವನು ಮುಂದೆ, ಹೊರಗಿನವನು ಹಿಂದೆ. ನಾನು ಹಿಡಿಕೆಯ ಮೇಲೆ ಕೈಯಿಟ್ಟು ನಿಂತೆ. ಎಪ್ಪತ್ತೆರಡು ವರ್ಷದ ನನಗೆ ಆ ಕ್ಷಣ ಆರು ವರ್ಷ.

ತೆರೆದೆ. ಕತ್ತಲೆ. ಎಸಿ ತಣ್ಣಗೆ ಊದುತ್ತಿತ್ತು. ಜೋಸ್ಟನ್‌ನ ಮಂಚದ ಮೇಲೆ, ಅವನ ತಲೆದಿಂಬಿನಲ್ಲಿ, ಎರಡು ಫೋನುಗಳು ಎದುರುಬದುರಾಗಿ ಮಲಗಿದ್ದವು. ಒಂದು ಅವನ ಸ್ವರದಲ್ಲಿ ಹೇಳುತ್ತಿತ್ತು. ಇನ್ನೊಂದು ಅದನ್ನು ಕೇಳಿ ಹಾಲಿಗೆ ಕಳುಹಿಸುತ್ತಿತ್ತು. ಅದರಿಂದ ಸ್ಟ್ಯಾನಿ, ಆಲ್ಬಿನಾ ಹೇಳುವ ಉತ್ತರ ಸಣ್ಣಗೆ, ಬಾವಿಯ ತಳದಿಂದ ಬಂದಂತೆ ಕೇಳುತ್ತಿತ್ತು. ನಾನು ಮಂಚದ ಅಂಚಿನಲ್ಲಿ ಕುಳಿತೆ. ಕೆಮ್ಮು ಬಂತು. ಬಾಗಿಲು ಹಾಕಿಕೊಂಡಿತು. ಆಮೇಲೆ ನಾನು ಫೋನಿನ ಮೇಲೆ ಕೈಯಿಟ್ಟು ಅದನ್ನು ನಿಲ್ಲಿಸಿದೆ.

ಹಾಲಿನಲ್ಲಿಯೂ ಸ್ವರ ನಿಂತಿತು. ಓಡಿ ಬಂದ ಪ್ರಿನ್ಸಿ ಬಾಗಿಲಲ್ಲಿ ನಿಂತಳು.

"ಮಾಯ್, ಪ್ಲೀಸ್, ಡ್ಯಾಡಿಗೆ ಹೇಳ್ಬೇಡಿ."

"ಅವನು ಎಲ್ಲಿ?"

"ಗೊತ್ತಿಲ್ಲ" ಎಂದವಳೇ ನೆಲದ ಮೇಲೆ ಕುಳಿತು ಅತ್ತಳು.

ಅಷ್ಟರಲ್ಲಿ ಉಳಿದಿಬ್ಬರೂ ಬಂದಿದ್ದರು. ಅಳುವಿನ ನಡುವೆ ಒಂದೊಂದೇ ಹೊರಬಂತು. ಅಂದು ಪ್ರೆಸೆಂಟೇಶನ್ನಿನಲ್ಲಿ ಜೋಸ್ಟನ್ ಎಲ್ಲರೆದುರು ಮಾತು ಮರೆತು ನಿಂತುಬಿಟ್ಟನಂತೆ. ನಾಲ್ವರಿಗೂ ಅಂಕ ಹೋಯಿತು. ಮತ್ತೆ ಅವನು ತರಗತಿಗೆ ಹೋಗಲಿಲ್ಲ, ಇದ್ದ ಮನೆಯನ್ನೂ ಬಿಟ್ಟ. ಒಂದು ಸಂಜೆ ಪ್ರಿನ್ಸಿಗೆ ಮೆಸೇಜು ಮಾಡಿದ: ಇವತ್ತು ನನಗೆ ಬಾಯಿ ತೆರೆಯಲಿಕ್ಕೆ ಆಗುವುದಿಲ್ಲ, ನೀನು ಏನಾದರೂ ಹೇಳಿ ಸುಧಾರಿಸು. ಅವನು ಹೋದ ಹೊಸತರಲ್ಲಿ ನೆನಪಾಗುತ್ತದೆಂದು ಅವಳು ಅವನ ಒಂದು ಸುತ್ತನ್ನು, ಅವನ ಸ್ವರವಷ್ಟೇ ಬರುವಂತೆ, ಫೋನಿನಲ್ಲಿ ಹಿಡಿದಿಟ್ಟಿದ್ದಳು. ಅದನ್ನೇ ಹಾಕಿದಳು. ಅಪ್ಪನಿಗೆ ಗೊತ್ತಾಗಲಿಲ್ಲ. ಮರುದಿನವೂ ಅವನಿಗೆ ಆಗಲಿಲ್ಲ.

"ತಪ್ಪಿದರೆ ವಾಪಸ್ ಬಾ ಅಂತ ಡ್ಯಾಡಿ ಹೇಳಿದ್ದರಲ್ಲ. ಅವನು ವಾಪಸ್ ಬಂದರೆ ಡ್ಯಾಡಿ ಅವನನ್ನು ಬಿಡ್ತಿದ್ದರಾ?"

"ಮಾತೆಯ ಎದುರು!" ಎಂದು ಸ್ಟ್ಯಾನಿ ಗರ್ಜಿಸಿದ. "ನನ್ನ ಮನೆಯಲ್ಲಿ, ಮಾತೆಯ ಎದುರು ಟೇಪ್ ಹಾಕಿ ಆಟ ಆಡಿದ್ದಾ? ಎಷ್ಟು ದಿನದಿಂದ?"

"ಇಪ್ಪತ್ತೆರಡು. ಇಪ್ಪತ್ತೆರಡು ದಿನ ಡ್ಯಾಡಿ! ನಿಮಗೆ ಒಂದು ದಿನ ಸಹ ಡೌಟ್ ಬರ್ಲಿಲ್ಲ."

"ನನಗೆ ಬಂದಿತ್ತು" ಎಂದೆ.

ಮೂವರೂ ನನ್ನ ಕಡೆ ತಿರುಗಿದರು.

"ಎರಡು ವಾರದಿಂದ ಗೊತ್ತಿತ್ತು, ಎಂತದೋ ಸರಿ ಇಲ್ಲ ಅಂತ. ಕೆಮ್ಮು ದಿನಾ ಒಂದೇ ಮಣಿಗೆ ಬರ್ತಿತ್ತು. ನಾನೂ ಸುಮ್ಮನಿದ್ದೆ. ಬೈಯುದಾದರೆ ನನ್ನನ್ನೂ ಸೇರಿಸಿ ಬೈಯಿ."

ಸ್ಟ್ಯಾನಿ ಬೈಯಲಿಲ್ಲ. ಪ್ರಿನ್ಸಿಯ ಪಕ್ಕದಲ್ಲಿ ನೆಲದ ಮೇಲೆ ಕುಳಿತ. ಅವಳ ಕಡೆಗೆ ಕೈಚಾಚಿ, "ಮೆಸೇಜ್ ತೋರಿಸು" ಎಂದ. ಮಧ್ಯಾಹ್ನದ ಯಾರ್ಕಿನ ಫೋಟೋಗಳ ಕೆಳಗೆ ಜೋಸ್ಟನ್ ಒಂದು ಸಾಲು ಬರೆದಿದ್ದ: ನೋಡಿ ಮುಗಿಯಿತು. ಆಮೇಲೆ ಪ್ರಿನ್ಸಿ ಕಳುಹಿಸಿದ ಹದಿನಾಲ್ಕು ಮೆಸೇಜಿಗೂ ಒಂದೇ ಟಿಕ್. ಅವನ ಫೋನು ಆಫ್ ಆಗಿತ್ತು.

"ಎಂತ ನೋಡಿ ಮುಗಿದದ್ದು?" ಎಂದಳು ಆಲ್ಬಿನಾ. "ಸ್ಟ್ಯಾನಿ, ಎಂತ ನೋಡಿ ಮುಗಿದದ್ದು ಅವನಿಗೆ?"

ಸ್ಟ್ಯಾನಿ ಕಾಲೇಜಿಗೆ ಫೋನು ಮಾಡಿದ. ವಾರಾಂತ್ಯವಾದ್ದರಿಂದ ಅಲ್ಲಿಯೂ ಹಿಡಿದಿಟ್ಟ ಸ್ವರವೇ. ಒಬ್ಬ ಹೆಂಗಸು ಅದೇ ಮಾತನ್ನು ಮತ್ತೆ ಮತ್ತೆ ಬಹಳ ವಿನಯದಿಂದ ಹೇಳುತ್ತಿದ್ದಳು. ಅಲ್ಲಿಯ ಪೊಲೀಸರಿಗೆ ಮಾಡಿದ. ಅವರು ತಾಳ್ಮೆಯಿಂದ ಕೇಳಿ ವಿಳಾಸ ಕೇಳಿದರು. ವಿಳಾಸ ನಮ್ಮಲ್ಲಿರಲಿಲ್ಲ. ಪ್ರಿನ್ಸಿ ಹುಡುಕಿ ಶ್ಯಾಮಸುಂದರನನ್ನು ಫೋನಿನಲ್ಲಿ ಹಿಡಿದು ಆಲ್ಬಿನಾಳ ಕೈಗೆ ಕೊಟ್ಟಳು.

"ನಾವು ಎರಡು ಸಲ ಊಟಕ್ಕೆ ಕರೆದೆವು ಆಂಟಿ, ಬರ್ಲಿಲ್ಲ" ಎಂದ ಆ ಹುಡುಗ. "ನಾವು ಸ್ವಲ್ಪ ಕೋಪದಲ್ಲಿದ್ದೆವು ಆಗ. ಲಾಂಡ್ರಿಯ ಮೇಲೆ ಒಂದು ರೂಮು ಸಿಕ್ಕಿದೆ ಅಂತ ಹೇಳಿದ್ದ. ಯಾವ ರಸ್ತೆ ಅಂತ ಕೇಳಲಿಲ್ಲ. ಸಾರಿ ಆಂಟಿ."

ಆ ರಾತ್ರಿ ಒಲೆ ಹಚ್ಚಲಿಲ್ಲ. ಭಾನುವಾರ ಇಲ್ಲಿ ಕೆಲಸದ ದಿನ. ಸ್ಟ್ಯಾನಿ ಆಫೀಸಿಗೆ ಹೋಗಿ ಹತ್ತು ಗಂಟೆಗೇ ವಾಪಸಾದ. ಸಂಜೆಯೊಳಗೆ ಸುದ್ದಿ ಸಿಗದಿದ್ದರೆ ವೀಸಾಕ್ಕೆ ಬರೆಯುತ್ತೇನೆ ಎಂದ. ಅದಕ್ಕೆ ವಾರಗಟ್ಟಲೆ ಬೇಕೆಂದು ಅವನಿಗೂ ಗೊತ್ತಿತ್ತು. ಪ್ರಿನ್ಸಿಯನ್ನು ಶಾಲೆಗೆ ಕಳುಹಿಸಲಿಲ್ಲ. ಆಲ್ಬಿನಾ ಕಪಾಟಿನ ಬಟ್ಟೆಯನ್ನೆಲ್ಲ ಹೊರಗೆ ಹಾಕಿ ಮತ್ತೆ ಮಡಚುತ್ತಿದ್ದಳು.

ಮಧ್ಯಾಹ್ನ ಕೆಳಗಿನ ಮಹಡಿಯ ರಾಫಿಯಾ ಬಂದಳು. ಉಳ್ಳಾಲದ ಬ್ಯಾರಿ ಕುಟುಂಬ. ಗಂಡನಿಗೆ ಬರ್ಕಾದಲ್ಲಿ ಬಟ್ಟೆ ಅಂಗಡಿ.

"ಬಾಯಮ್ಮ, ತಪ್ಪು ತಿಳ್ಕೊಬೇಡಿ. ನಿನ್ನೆ ಮೇಲೆ ಸ್ವರ ಕೇಳಿಸಿತು. ಇವತ್ತು ಎಂತದೂ ಕೇಳಿಸ್ಲಿಲ್ಲ. ಪಾತ್ರೆಯ ಸದ್ದು ಸಹ ಇಲ್ಲ. ಅದಕ್ಕೆ ಬಂದೆ."

ನಾನು ಅವಳಿಗೆ ಎಲ್ಲ ಹೇಳಿದೆ. ಲೀಡ್ಸ್ ಎಂದಾಗ ಅವಳು ನನ್ನ ಮೊಣಕೈ ಹಿಡಿದಳು.

"ನನ್ನ ತಮ್ಮ ಫಾಹಿಮ್ ಅಲ್ಲೇ ಇದ್ದಾನಲ್ಲ! ಹೋಟೆಲಿನ ಊಟ ಮನೆಮನೆಗೆ ಬೈಕಿನಲ್ಲಿ ಕೊಡುವ ಕೆಲಸ. ಅವನಿಗೆ ಅಲ್ಲಿಯ ಗಲ್ಲಿ ಗಲ್ಲಿ ಗೊತ್ತು."

ಫಾಹಿಮ್ ಫೋನಿನಲ್ಲಿ ಹೆಚ್ಚು ಕೇಳಲಿಲ್ಲ. "ಮೇಲೆ ರೂಮಿರುವ ಲಾಂಡ್ರಿ ನನಗೆ ಗೊತ್ತಿದ್ದ ಹಾಗೆ ಮೂರು ಉಂಟು ಅ‌ಣ್ಣ" ಎಂದ ಸ್ಟ್ಯಾನಿಗೆ. "ಮಧ್ಯಾಹ್ನದ ರಶ್ ಮುಗಿದ ಮೇಲೆ ಹೊರಡ್ತೇನೆ, ನಾಲ್ಕು ಗಂಟೆ ಹೊತ್ತಿಗೆ ಕಾಲ್ ಮಾಡ್ತೇನೆ. ಒಂದು ಮಾತು. ಸಿಕ್ಕಿದರೆ ನೀವು ಎಂತದೂ ಮಾತಾಡ್ಬೇಡಿ. ನೋಡಿ, ಅಷ್ಟೇ. ಬಾಗಿಲು ತೆಗೆಯದವರನ್ನು ನಾನು ದಿನಾ ನೋಡ್ತೇನೆ. ಜನ ಬಂದಿದ್ದಾರೆ ಅಂತ ಗೊತ್ತಾದರೆ ತೆಗೆಯುದಿಲ್ಲ."

ಚಳಿಗಾಲಕ್ಕೆ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹೋಗಿತ್ತು, ಈಗ ಅಲ್ಲಿಯ ನಾಲ್ಕು ಎಂದರೆ ಇಲ್ಲಿಯ ಎಂಟು. ಬೇರೆ ಏನು ಮಾಡುವುದೆಂದು ತಿಳಿಯದೆ ನಾವು ತೇರ್ಸ್‌ಗೆ ಕುಳಿತೆವು. ಪ್ರಿನ್ಸಿ ಟ್ಯಾಬನ್ನು ಅದರ ಜಾಗದಲ್ಲಿಟ್ಟು ಫಾಹಿಮ್‌ಗೆ ಲಿಂಕ್ ಕಳುಹಿಸಿದಳು. ರಾಫಿಯಾ ಎದ್ದು ಹೋಗಲಿಲ್ಲ. ಸೋಫಾದ ತುದಿಯಲ್ಲಿ ತಲೆಯ ಮೇಲೆ ಸೆರಗೆಳೆದುಕೊಂಡು ಕುಳಿತಳು. ಮೊದಲನೆಯದು ಮುಗಿಯಿತು, ಎರಡನೆಯದು, ನನ್ನದು. ನಾಲ್ಕನೆಯದು ಬಂತು. ಯಾರೂ ಬಾಯಿ ತೆರೆಯಲಿಲ್ಲ. ನಾನು ಹೇಳಲೆಂದು ಹೊರಟೆ, ಸ್ಟ್ಯಾನಿ ಬೇಡವೆಂದು ತಲೆಯಾಡಿಸಿದ. ಬೆರಳುಗಳು ಮಾತ್ರ ಮಣಿಯಿಂದ ಮಣಿಗೆ ಸರಿದವು. ಏಳನೆಯ ಮಣಿ ಬಂದಾಗ ನಾಲ್ವರೂ ಉಸಿರು ಬಿಗಿಹಿಡಿದದ್ದು ನನಗೆ ಗೊತ್ತಾಯಿತು. ಕೆಮ್ಮು ಬರಲಿಲ್ಲ.

ಹತ್ತನೆಯದರಲ್ಲಿ ಟ್ಯಾಬಿನಲ್ಲಿ ಒಂದು ಚೌಕ ಮೂಡಿತು.

ಫಾಹಿಮ್ ಫೋನನ್ನು ಎದೆಯ ಪಟ್ಟಿಗೆ ಸಿಕ್ಕಿಸಿಕೊಂಡಿದ್ದ. ಅವನು ಕಾಣಲಿಲ್ಲ, ಅವನ ಮುಂದಿನದಷ್ಟೇ ಕಂಡಿತು. ನಾಲ್ಕು ಗಂಟೆಗೇ ಅಲ್ಲಿ ಕತ್ತಲಾಗುತ್ತಿತ್ತು. "ಎರಡು ನೋಡಿ ಆಯ್ತು, ಅಲ್ಲಿ ಇಲ್ಲ. ಇದು ಮೂರನೆಯದು" ಎಂದು ಪಿಸುಗುಟ್ಟಿದ. ಒಂದು ಕಡಿದಾದ ಮರದ ಮೆಟ್ಟಿಲು ತೂಗಾಡುತ್ತ ಮೇಲೆ ಬಂತು. ಓಣಿಯ ದೀಪ ಹೊತ್ತಿ, ನಾಲ್ಕು ಹೆಜ್ಜೆಗೆ ತಾನಾಗಿ ಆರಿತು. ಮತ್ತೆ ಹೊತ್ತಿತು. ಮೂರು ಬಾಗಿಲು. ಒಂದರ ಹೊರಗೆ ಸ್ನಾನದ ಮನೆಯ ಚಪ್ಪಲಿ.

"ಅವನದ್ದೇ" ಎಂದಳು ಪ್ರಿನ್ಸಿ, ಸ್ವರವಿಲ್ಲದೆ.

ಫಾಹಿಮ್ ಬಡಿದ. ಏನೂ ಇಲ್ಲ. ಓಣಿಯ ದೀಪ ಆರಿತು. ಟ್ಯಾಬು ಪೂರ್ತಿ ಕಪ್ಪಾಯಿತು. ಆ ಕಪ್ಪಿನಲ್ಲಿ ಅವನು ಮತ್ತೊಮ್ಮೆ ಬಡಿದ.

"ಡೆಲಿವರಿ" ಎಂದ, ದಿನಕ್ಕೆ ಐವತ್ತು ಸಲ ಹೇಳುವವನ ಸ್ವರದಲ್ಲಿ.

ಬಹಳ ಹೊತ್ತು. ಆಮೇಲೆ ಬಾಗಿಲಿನ ಹಿಂದಿನಿಂದ ಒಂದು ಸ್ವರ ಇಂಗ್ಲಿಷಿನಲ್ಲಿ ಏನನ್ನೂ ತರಿಸಿಲ್ಲ ಎಂದಿತು. ಒಣಗಿದ, ಒಡೆದ ಸ್ವರ. ನಾವು ಇಪ್ಪತ್ತೆರಡು ದಿನ ಕೇಳಿದ ಸ್ವರಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ. ನನಗೆ ಗುರುತು ಹತ್ತಿತು. ಸ್ಟ್ಯಾನಿ ಬಾಯಿ ತೆರೆದ. ಆಲ್ಬಿನಾ ತನ್ನ ಅಂಗೈಯನ್ನು ಅವನ ಬಾಯಿಗೆ ಒತ್ತಿ ಹಿಡಿದಳು.

ಫಾಹಿಮ್ ಯಾರು ಕಳುಹಿಸಿದರೆಂದು ಹೇಳಲಿಲ್ಲ. ಮಸ್ಕತ್ ಎನ್ನಲಿಲ್ಲ, ಅಮ್ಮ ಎನ್ನಲಿಲ್ಲ. ಚೀಲದ ಝಿಪ್ಪು ಎಳೆದ ಸದ್ದು ಕೇಳಿತು. ಆಮೇಲೆ ನಮ್ಮ ಊರಿನ ಕನ್ನಡದಲ್ಲಿ ಅವನು ಬಾಗಿಲಿಗೆ ಹೇಳಿದ:

"ದುಡ್ಡು ಬೇಡ ಮಾರಾಯ. ಅನ್ನ, ಬೇಳೆ ಸಾರು. ಬಿಸಿ ಉಂಟು."

ಚಿಲಕ ಸರಿಯಿತು. ಬಾಗಿಲು ಒಂದು ಗೇಣು ತೆರೆದು ನಿಂತಿತು. ಒಳಗಿನ ಬೆಳಕಿನಲ್ಲಿ ಒಂದು ಕೈ ಹೊರಗೆ ಬಂತು, ಮಣಿಕಟ್ಟಿನ ಮೂಳೆ ಎದ್ದು ಕಾಣುವ ಕೈ. ಫಾಹಿಮ್ ಇನ್ನೊಂದು ಮಾತಾಡದೆ ಡಬ್ಬಿಯನ್ನು ಅದರ ಮೇಲೆ ಇಟ್ಟು, ಬೆರಳುಗಳು ಅದನ್ನು ಸರಿಯಾಗಿ ಹಿಡಿದುಕೊಳ್ಳುವ ತನಕ ತನ್ನ ಕೈಯನ್ನು ಕೆಳಗೆ ಆನಿಸಿ ಹಿಡಿದಿದ್ದ.